ಕಡಿಮೆ ಖರ್ಚಿನ ವಿಜಯಪುರ–ಬಾದಾಮಿ ಪ್ರವಾಸ: ಮೊದಲು ದಾರಿ, ಆಮೇಲೆ ದುಡ್ಡಿನ ಲೆಕ್ಕ

ಪ್ರವಾಸದ ಖರ್ಚನ್ನು ಕಡಿಮೆ ಮಾಡಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಕತ್ತರಿ ಹಾಕುವುದು ಊಟ-ತಿಂಡಿಗೆ. ಬೆಳಗಿನ ನಾಷ್ಟಾ ಬಿಟ್ಟು, ಮಕ್ಕಳಿಗೆ ಕೊಡಿಸಬೇಕಾದುದನ್ನು ಮುಂದೂಡಿ ಉಳಿಸಿದ ಹಣವೆಲ್ಲ, ಸಂಜೆ ಕೊನೆಯ ಬಸ್ಸು ತಪ್ಪಿಹೋಗಿ ಬಾಡಿಗೆ ವಾಹನ ಹಿಡಿಯಬೇಕಾಗಿ ಬಂದಾಗ ಒಂದೇ ಏಟಿಗೆ ಹೋಗುತ್ತದೆ. ಬಡ ಮತ್ತು ಮಧ್ಯಮ ವರ್ಗದ ಕುಟುಂಬವೊಂದರ ಪ್ರವಾಸದ ವೆಚ್ಚವನ್ನು ನಿಜವಾಗಿ ನಿರ್ಧರಿಸುವ ಸಂಗತಿಗಳು ಎರಡೇ: ಊರುಗಳನ್ನು ಯಾವ ಕ್ರಮದಲ್ಲಿ ನೋಡುತ್ತೇವೆ, ರಾತ್ರಿ ಎಲ್ಲಿ ತಂಗುತ್ತೇವೆ. ಇವೆರಡನ್ನು ಮನೆಯಲ್ಲಿ ಕುಳಿತು ಕಾಗದದ ಮೇಲೆ ಸರಿಯಾಗಿ ಗೊತ್ತುಮಾಡಿಕೊಂಡರೆ ಹೊಟ್ಟೆ ಕಟ್ಟುವ ಅಗತ್ಯವೇ ಬೀಳುವುದಿಲ್ಲ.

ಈ ಮಾತನ್ನು ಬರಿಯ ಉಪದೇಶವಾಗಿ ಹೇಳುವುದಕ್ಕಿಂತ ನಮ್ಮದೇ ಸೀಮೆಯ ಒಂದು ಪ್ರವಾಸವನ್ನು ಮುಂದಿಟ್ಟುಕೊಂಡು ವಿವರಿಸುವುದು ಒಳ್ಳೆಯದು. ವಿಜಯಪುರ, ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಆಲಮಟ್ಟಿ ಇವಿಷ್ಟನ್ನು ಸೇರಿಸಿದರೆ ಒಂದು ಸುತ್ತು ಆಗುತ್ತದೆ. ಹೊರಟ ಊರಿಗೇ ಬೇರೆ ದಾರಿಯಿಂದ ಮರಳಿ ಬರಬಹುದು. ರೈಲು ಮಾರ್ಗವಿದೆ, ಸರ್ಕಾರಿ ಬಸ್ಸುಗಳಿವೆ, ದಾಸೋಹವಿರುವ ಕ್ಷೇತ್ರಗಳಿವೆ, ರೊಟ್ಟಿಯ ಖಾನಾವಳಿಗಳಿವೆ. ಕಡಿಮೆ ಹಣದಲ್ಲಿ ಇಷ್ಟು ದೊಡ್ಡ ಇತಿಹಾಸವನ್ನು ಮಕ್ಕಳಿಗೆ ತೋರಿಸಬಲ್ಲ ಪ್ರದೇಶ ನಾಡಿನಲ್ಲಿ ಬೇರೊಂದಿಲ್ಲ ಎಂದೇ ನನ್ನ ನಂಬಿಕೆ.

ಯಾವಾಗ ಹೊರಡಬೇಕು

ಹವಾಮಾನದ ದೃಷ್ಟಿಯಿಂದ ಅಕ್ಟೋಬರ್‌ನಿಂದ ಫೆಬ್ರುವರಿಯವರೆಗಿನ ಕಾಲ ಹಿತಕರವೆಂಬುದು ಎಲ್ಲರಿಗೂ ಗೊತ್ತು. ಆದ್ದರಿಂದಲೇ ಆಗ ಜನಸಂದಣಿಯೂ ಹೆಚ್ಚು. ಡಿಸೆಂಬರ್ ಮತ್ತು ಜನವರಿಯಲ್ಲಿ ರಾಜ್ಯದ ಮೂಲೆಮೂಲೆಯಿಂದ ಶಾಲಾ ಪ್ರವಾಸದ ಬಸ್ಸುಗಳು ಬರುತ್ತವೆ. ಜನವರಿಯ ನಡುವೆ ಸಂಕ್ರಾಂತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ, ಅದರ ಆಸುಪಾಸಿನಲ್ಲಿಯೇ ಬನದ ಹುಣ್ಣಿಮೆಗೆ ಬಾದಾಮಿ ಪಕ್ಕದ ಬನಶಂಕರಿಯ ಜಾತ್ರೆ, ಕೂಡಲಸಂಗಮದಲ್ಲಿ ಶರಣ ಮೇಳ ನಡೆಯುವುದರಿಂದ ಲಾಡ್ಜುಗಳ ಬಾಡಿಗೆ ಏರುತ್ತದೆ, ಬಸ್ಸಿನಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಜಾತ್ರೆಯನ್ನೇ ನೋಡಬೇಕೆಂಬ ಆಸೆಯುಳ್ಳವರು ಬೇರೆ ಮಾತು; ಸ್ಮಾರಕಗಳನ್ನು ನೋಡುವವರು ಆ ವಾರಗಳನ್ನು ಬಿಡಬೇಕು. ಏಪ್ರಿಲ್–ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ಮರಳುಗಲ್ಲಿನ ಬಂಡೆಗಳ ನಡುವೆ ಹಿರಿಯರನ್ನು ನಡೆಸುವುದು ಸರಿಯಲ್ಲ.

ಕೈಯಲ್ಲಿ ಹಣ ಕಡಿಮೆಯಿದ್ದರೆ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಅತ್ಯುತ್ತಮ ಎಂದು ನಾನು ಹೇಳುತ್ತೇನೆ. ನಮ್ಮ ಭಾಗದಲ್ಲಿ ಮಳೆ ಅಷ್ಟೇನೂ ಹೆಚ್ಚಲ್ಲ. ಹೊಲಗಳು ಹಸಿರಾಗಿರುತ್ತವೆ, ಆಲಮಟ್ಟಿಯ ಹಿನ್ನೀರು ತುಂಬಿರುತ್ತದೆ, ಒಳ್ಳೆಯ ಮಳೆಯಾದ ದಿನ ಬಾದಾಮಿಯ ಬಂಡೆಯಿಂದ ಅಕ್ಕ-ತಂಗಿ ಜಲಪಾತ ಅಗಸ್ತ್ಯ ತೀರ್ಥಕ್ಕೆ ಧುಮುಕುತ್ತದೆ. ಲಾಡ್ಜುಗಳಲ್ಲಿ ಕೋಣೆಗಳು ಖಾಲಿ ಇರುವುದರಿಂದ ಬಾಡಿಗೆಯ ಬಗ್ಗೆ ಮಾತನಾಡಲು ಅವಕಾಶವಿರುತ್ತದೆ. ಆದರೆ ಮಲಪ್ರಭೆ ಉಕ್ಕಿ ಹರಿಯುವ ವರ್ಷ ಈ ಸಲಹೆ ಅನ್ವಯಿಸದು. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೇ ನೀರು ನುಗ್ಗಿತ್ತು. ಹೊರಡುವ ಮುನ್ನ ನದಿಯ ಸುದ್ದಿಯನ್ನು ಪತ್ರಿಕೆಯಲ್ಲಿ ನೋಡಿಕೊಳ್ಳಬೇಕು. ವಾರದ ದಿನಗಳ ವಿಷಯಕ್ಕೆ ಬಂದರೆ, ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ ಇರುತ್ತದೆ ಎಂಬುದನ್ನು ನೆನಪಿಡಬೇಕು.

ದಾರಿಯ ಕ್ರಮ ಮತ್ತು ತಂಗುವ ಊರು

ವಿಜಯಪುರವನ್ನು ಒಂದು ಹಗಲಿನಲ್ಲಿ ನೋಡಿ ಮುಗಿಸಲು ಸಾಧ್ಯವಿದೆ, ಆದರೆ ಪೂರ್ವದಿಂದ ಪಶ್ಚಿಮಕ್ಕೆ ಸಾಗಬೇಕು. ಗೋಲಗುಮ್ಮಟ ನಗರದ ಪೂರ್ವ ಅಂಚಿನಲ್ಲಿದೆ, ರೈಲು ನಿಲ್ದಾಣಕ್ಕೂ ಹತ್ತಿರ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ, ಮೂಲೆಯ ಗೋಪುರದ ಮೆಟ್ಟಿಲು ಹತ್ತಿ, ಪಿಸುಮಾತಿನ ಮೊಗಸಾಲೆಗೆ ಜನ ತುಂಬುವ ಮುನ್ನ ತಲುಪಬೇಕು. 1656ರಲ್ಲಿ ಪೂರ್ಣಗೊಂಡ ಆ ಗುಮ್ಮಟದ ಧ್ವನಿಯ ಸೋಜಿಗ ನಿಶ್ಶಬ್ದವಿದ್ದಾಗ ಮಾತ್ರ ಕೇಳಿಸುತ್ತದೆ. ಹತ್ತು ಗಂಟೆಯ ಮೇಲೆ ಬರಿಯ ಕೂಗಾಟ ಕೇಳಿಸುತ್ತದೆ. ಅಲ್ಲಿಂದ ಜಾಮಿಯಾ ಮಸೀದಿ, ಗಗನ ಮಹಲ್, ಬಾರಾಕಮಾನ್, ಉಪ್ಪಲಿ ಬುರುಜು, ಮಲಿಕ್-ಎ-ಮೈದಾನ್ ತೋಪು ಇವನ್ನು ನೋಡುತ್ತ ಸಾಗಿ, ಬಿಸಿಲು ಇಳಿಯುವ ಹೊತ್ತಿಗೆ ಪಶ್ಚಿಮದ ಕೋಟೆಗೋಡೆಯ ಆಚೆಗಿರುವ ಇಬ್ರಾಹಿಂ ರೋಜಾ ಸೇರಬಹುದು. ಈ ಸಾಲಿನಲ್ಲಿ ಹಣ ಕೊಟ್ಟು ಒಳಹೋಗಬೇಕಾದುದು ಮೊದಲಿನದು ಮತ್ತು ಕೊನೆಯದು ಮಾತ್ರ. ನಡೆಯಬಲ್ಲವರು ಬಹುಪಾಲು ನಡೆದೇ ನೋಡಬಹುದು. ಹಿರಿಯರಿದ್ದರೆ ನಡುವೆ ಒಂದೆರಡು ಕಡೆ ಆಟೊ ಅಥವಾ ಟಾಂಗಾ ಮಾಡಿಕೊಂಡರೆ ಸಾಕು, ದಿನಪೂರ್ತಿ ವಾಹನ ಗೊತ್ತುಮಾಡುವುದು ಬೇಡ.

ಅಂದು ರಾತ್ರಿಯೇ ಬಾದಾಮಿಗೆ ಹೋಗಿ ತಂಗುವುದೋ, ವಿಜಯಪುರದಲ್ಲಿ ಉಳಿದು ಬೆಳಗ್ಗೆ ಹೊರಡುವುದೋ ಎಂಬುದು ರೈಲಿನ ವೇಳೆಯನ್ನು ಅವಲಂಬಿಸಿದೆ. ಸಂಜೆಯ ರೈಲು ಬಾದಾಮಿಯನ್ನು ರಾತ್ರಿ ಒಂಬತ್ತರೊಳಗೆ ಮುಟ್ಟಿಸುವಂತಿದ್ದರೆ ಅದನ್ನೇ ಹಿಡಿಯಬೇಕು. ಬಾದಾಮಿ ರೈಲು ನಿಲ್ದಾಣ ಊರಿನಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿರುವುದರಿಂದ, ಹಗಲಿನಲ್ಲಿ ಹಂಚಿಕೆಯ ಆಟೊದಲ್ಲಿ ಅಗ್ಗವಾಗಿ ಮುಗಿಯುವ ದಾರಿ ನಡುರಾತ್ರಿ ಇಳಿದವರಿಗೆ ದುಬಾರಿಯಾಗುತ್ತದೆ. ಬಾದಾಮಿಯಲ್ಲಿ ಕನಿಷ್ಠ ಎರಡು ರಾತ್ರಿ ತಂಗುವುದೇ ಈ ಯೋಜನೆಯ ತಿರುಳು. ಲಾಡ್ಜುಗಳು, ಖಾನಾವಳಿಗಳು, ಬಸ್ ನಿಲ್ದಾಣ, ಗುಹೆಗಳು ಎಲ್ಲವೂ ಅಲ್ಲಿ ನಡಿಗೆಯ ಅಂತರದಲ್ಲಿವೆ. ಪಟ್ಟದಕಲ್ಲು, ಐಹೊಳೆಗಳಲ್ಲಿ ತಂಗಲು ಇರುವ ಆಯ್ಕೆಗಳು ತೀರ ಕಡಿಮೆ. ದಿನಕ್ಕೊಂದು ಊರಿನಲ್ಲಿ ಕೋಣೆ ಹಿಡಿಯುತ್ತ ಹೋದರೆ ಪ್ರತಿ ಬಾರಿಯೂ ಗಂಟುಮೂಟೆ ಹೊತ್ತು ಆಟೊ ಹುಡುಕಬೇಕು, ಕೋಣೆ ಹುಡುಕಬೇಕು, ಅರ್ಧ ದಿನ ಹಾಳಾಗುತ್ತದೆ.

ಎರಡನೆಯ ದಿನವನ್ನು ಬಾದಾಮಿಗೂ ಬನಶಂಕರಿಗೂ ಮೀಸಲಿಡಬೇಕು. ನಾಲ್ಕು ಗುಹೆಗಳಿಗೆ ಟಿಕೆಟ್ ಉಂಟು. ಅಗಸ್ತ್ಯ ತೀರ್ಥದ ದಂಡೆಯ ಭೂತನಾಥ ದೇವಾಲಯಕ್ಕೂ, ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನಕ್ಕೂ ಹಣವಿಲ್ಲ. ಕನ್ನಡದ ತ್ರಿಪದಿಯನ್ನು ಕಲ್ಲಿನ ಮೇಲೆ ಕಣ್ಣಾರೆ ಕಾಣುವ ಅವಕಾಶವನ್ನು ಗುಹೆ ನೋಡಿ ನೇರವಾಗಿ ಹಿಂತಿರುಗುವ ಬಹಳಷ್ಟು ಜನ ಕಳೆದುಕೊಳ್ಳುತ್ತಾರೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ. ಗುಹೆಗಳ ಹತ್ತಿರ ಮಂಗಗಳು ಬಹಳ. ತಿಂಡಿಯ ಚೀಲವನ್ನು ಕೈಯಲ್ಲಿ ಹಿಡಿದು ಹೋಗಬಾರದು.

ಮೂರನೆಯ ದಿನ ಐಹೊಳೆ ಮತ್ತು ಪಟ್ಟದಕಲ್ಲು. ಬಾದಾಮಿಯಿಂದ ಪಟ್ಟದಕಲ್ಲು ಸುಮಾರು 22 ಕಿಲೋಮೀಟರ್, ಐಹೊಳೆ ಅದರಾಚೆ. ರಾತ್ರಿ ಬಾದಾಮಿಗೆ ಹಿಂತಿರುಗುವವರು ಮುಂಜಾನೆಯ ಬಸ್ಸಿಗೆ ದೂರದ ಐಹೊಳೆಗೆ ಮೊದಲು ಹೋಗಿ, ಮಧ್ಯಾಹ್ನ ಪಟ್ಟದಕಲ್ಲಿಗೆ ಬರಬೇಕು. ಪಟ್ಟದಕಲ್ಲಿನಿಂದ ಬಾದಾಮಿಗೆ ವಾಹನ ಸುಲಭವಾಗಿ ಸಿಗುತ್ತದೆ. ಸಂಜೆಯ ಹೊತ್ತು ಐಹೊಳೆಯಲ್ಲಿ ಸಿಕ್ಕಿಕೊಂಡರೆ ಬಾಡಿಗೆ ಆಟೊವೇ ಗತಿ. ಇದಕ್ಕೆ ಬದಲಾಗಿ, ಸಾಮಾನು ಹಗುರವಾಗಿದ್ದು ಅದನ್ನು ಹೊತ್ತುಕೊಂಡೇ ನಡೆಯಬಲ್ಲವರು ಮೊದಲು ಪಟ್ಟದಕಲ್ಲು ನೋಡಿ, ಆಮೇಲೆ ಐಹೊಳೆ ನೋಡಿ, ಅಲ್ಲಿಂದ ಅಮೀನಗಡ ಅಥವಾ ಹುನಗುಂದದ ಕಡೆಗೆ ಸಾಗಿ ಸಂಜೆಗೆ ಕೂಡಲಸಂಗಮ ಸೇರಬಹುದು. ಆಗ ಬಾದಾಮಿಯ ಕೊನೆಯ ರಾತ್ರಿಯ ಕೋಣೆಯ ಬಾಡಿಗೆಯೂ, ಹಿಂದೆ ಬಂದು ಮುಂದೆ ಹೋಗುವ ದಾರಿಯ ಖರ್ಚೂ ಉಳಿಯುತ್ತವೆ. ಚಿಕ್ಕ ಮಕ್ಕಳು, ಹಿರಿಯರು ಜೊತೆಗಿರುವವರಿಗೆ ನಾನು ಇದನ್ನು ಸೂಚಿಸುವುದಿಲ್ಲ.

ಕೂಡಲಸಂಗಮದಲ್ಲಿ ಯಾತ್ರಿಕರಿಗೆ ವಸತಿ ವ್ಯವಸ್ಥೆಯಿದೆ, ದಾಸೋಹವೂ ಇದೆ. ಕೃಷ್ಣೆ–ಮಲಪ್ರಭೆಯರ ಸಂಗಮವನ್ನೂ, ನೀರಿನ ನಡುವೆ ಬಾವಿಯಂತೆ ಕಟ್ಟಿದ ಗೋಡೆಯೊಳಗಿನ ಬಸವಣ್ಣನವರ ಐಕ್ಯ ಮಂಟಪವನ್ನೂ ಬೆಳಗಿನ ಹೊತ್ತು ನೋಡಿ, ನಿಡಗುಂದಿಯ ಕಡೆಯ ಬಸ್ಸು ಹಿಡಿದರೆ ಆಲಮಟ್ಟಿಯ ಲಾಲ್ ಬಹದ್ದೂರ್ ಶಾಸ್ತ್ರಿ ಸಾಗರವನ್ನು ನೋಡಿಕೊಂಡು ಸಂಜೆಗೆ ವಿಜಯಪುರ ತಲುಪಬಹುದು. ಬೆಳಗಾವಿ ಕಡೆಯವರು ಇದೇ ಸುತ್ತನ್ನು ತಿರುವುಮುರುವು ಮಾಡಿ, ಬಾದಾಮಿಯಿಂದ ಆರಂಭಿಸಿ ವಿಜಯಪುರದಲ್ಲಿ ಮುಗಿಸಿದರೆ ಅಲ್ಲಿಂದ ನೇರ ಬಸ್ಸು ಸಿಗುತ್ತದೆ.

ಬಸ್ಸೋ, ರೈಲೋ, ಕ್ರೂಸರೋ

ಯಾವ ವಾಹನ ಅಗ್ಗ ಎಂಬ ಪ್ರಶ್ನೆಗೆ ಉತ್ತರ, ಹೊರಟವರು ಯಾರು ಎಂಬುದರಲ್ಲಿದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ರಾಜ್ಯದ ನಿವಾಸಿಗಳಾದ ಮಹಿಳೆಯರು ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಹಣವಿಲ್ಲದೆ ಪ್ರಯಾಣಿಸಬಹುದು. ವಿಜಯಪುರದ ಬಸ್ಸುಗಳು ಕಲ್ಯಾಣ ಕರ್ನಾಟಕ ಸಾರಿಗೆ ನಿಗಮಕ್ಕೂ, ಬಾಗಲಕೋಟೆ–ಬೆಳಗಾವಿಯವು ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆಗೂ ಸೇರಿದ್ದರೂ ಸೌಲಭ್ಯ ಎರಡರಲ್ಲಿಯೂ ಒಂದೇ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿಯ ಅಸಲು ಪ್ರತಿಯನ್ನು ತೋರಿಸಿ ಶೂನ್ಯ ದರದ ಟಿಕೆಟನ್ನು ತಪ್ಪದೆ ಪಡೆಯಬೇಕು. ರಾಜಹಂಸ, ಸ್ಲೀಪರ್, ಹವಾನಿಯಂತ್ರಿತ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ನಮ್ಮ ಗಡಿಜಿಲ್ಲೆಗಳ ಮನೆಗಳಲ್ಲಿ ಸೊಲ್ಲಾಪುರ, ಸಾಂಗ್ಲಿ, ಮಿರಜದ ನೆಂಟರು ಜೊತೆಗೆ ಹೊರಡುವುದು ಸಾಮಾನ್ಯವಾದ್ದರಿಂದ, ಆ ಕಡೆಯ ವಿಳಾಸವಿರುವ ಅತ್ತೆ, ಚಿಗವ್ವಂದಿರಿಗೆ ಪೂರ್ತಿ ಟಿಕೆಟ್ ತೆಗೆಯಬೇಕೆಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಆದ್ದರಿಂದ ಹೆಣ್ಣುಮಕ್ಕಳು ಹೆಚ್ಚಿರುವ ಕುಟುಂಬಕ್ಕೆ ಸಾಮಾನ್ಯ ಬಸ್ಸೇ ಎಲ್ಲಕ್ಕಿಂತ ಅಗ್ಗ. ಗಂಡುಮಕ್ಕಳೇ ಇರುವ ಗೆಳೆಯರ ಗುಂಪಿಗೆ ವಿಜಯಪುರ–ಆಲಮಟ್ಟಿ–ಬಾಗಲಕೋಟೆ–ಬಾದಾಮಿ ಮಾರ್ಗದ ಪ್ಯಾಸೆಂಜರ್ ರೈಲು ಬಸ್ಸಿಗಿಂತ ಬಹಳ ಕಡಿಮೆಯಲ್ಲಿ ಮುಗಿಯುತ್ತದೆ, ಕೃಷ್ಣೆಯ ಮೇಲಿನ ಸೇತುವೆಯನ್ನು ಕಿಟಕಿಯಿಂದ ನೋಡುವ ಸುಖ ಬೇರೆ. ಮಕ್ಕಳ ವಿಷಯದಲ್ಲಿ ನಿಯಮಗಳು ಸ್ವಲ್ಪ ಭಿನ್ನವಾಗಿವೆ: ಬಸ್ಸಿನಲ್ಲಿ 6 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, 12ರವರೆಗೆ ಅರ್ಧ, ರೈಲಿನಲ್ಲಿ 5 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, 12 ತುಂಬುವವರೆಗೆ ಕಾಯ್ದಿರಿಸದ ಬೋಗಿಯಲ್ಲಿ ಅರ್ಧ, ಪ್ರತ್ಯೇಕ ಬರ್ತ್ ಬೇಕೆಂದರೆ ಪೂರ್ಣ ದರ. ಬೆಂಗಳೂರು, ಮೈಸೂರಿನಿಂದ ಗೋಲಗುಂಬಜ್ ಅಥವಾ ಬಸವ ಎಕ್ಸ್‌ಪ್ರೆಸ್ ಹಿಡಿದು ಬರುವವರು 60 ದಿನ ಮುಂಚೆಯೇ ತೆರೆಯುವ ಮುಂಗಡ ಕಾಯ್ದಿರಿಸುವಿಕೆಯನ್ನು ಬಳಸಿಕೊಳ್ಳಬೇಕು. ಕೊನೆಗೆ ತತ್ಕಾಲ್ ಮೊರೆಹೋದರೆ ಉಳಿತಾಯದ ಮಾತು ಅಲ್ಲಿಗೇ ಮುಗಿಯಿತು.

ಹತ್ತು–ಹನ್ನೆರಡು ಜನರಿದ್ದರೆ ಕ್ರೂಸರ್ ಎಂಬ ದೊಡ್ಡ ಜೀಪನ್ನು ಬಾಡಿಗೆಗೆ ಗೊತ್ತುಮಾಡುವುದು ನಮ್ಮ ಕಡೆಯ ರೂಢಿ. ತಲೆಗೆ ಹಂಚಿದಾಗ ಅದು ದುಬಾರಿಯಾಗಲಾರದು, ಆದರೆ ಮಾತು ಬಿಡಿಸಿ ಆಡಿಕೊಳ್ಳಬೇಕು. ಕಿಲೋಮೀಟರಿಗೆ ಎಷ್ಟು, ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರಿನ ಹಣ ಕೊಡಬೇಕು, ಚಾಲಕರ ಭತ್ಯೆ ಎಷ್ಟು, ಅವರ ಊಟ ಯಾರದು, ಪಾರ್ಕಿಂಗ್ ಮತ್ತು ಟೋಲ್ ಯಾರ ಮೇಲೆ ಎಂಬುದನ್ನೆಲ್ಲ ಮುಂಗಡ ಕೊಡುವ ಮೊದಲೇ ಚೀಟಿಯಲ್ಲಿ ಬರೆದುಕೊಳ್ಳಬೇಕು. ಬಾದಾಮಿ ಸುತ್ತಲಿನ ಊರುಗಳ ನಡುವಿನ ಅಂತರ ಚಿಕ್ಕದು. ದಿನಕ್ಕೆ ಕನಿಷ್ಠ ಕಿಲೋಮೀಟರಿನ ಷರತ್ತಿರುವ ವಾಹನದಲ್ಲಿ ನೀವು ಓಡದ ದಾರಿಗೂ ಹಣ ಕೊಟ್ಟಂತಾಗುತ್ತದೆ. ಆ ಒಂದು ದಿನದ ಮಟ್ಟಿಗೆ ಮಹಾಕೂಟ, ಪಟ್ಟದಕಲ್ಲು, ಐಹೊಳೆಗೆ ಸ್ಥಳೀಯ ಆಟೊ ಅಥವಾ ಟಂಟಂ ಲೇಸು. ನೋಡುವ ಸ್ಥಳಗಳ ಹೆಸರು, ಪ್ರತಿಯೊಂದರಲ್ಲಿ ಕಾಯುವ ಹೊತ್ತು, ಒಟ್ಟು ಹಣ ಈ ಮೂರನ್ನೂ ಹತ್ತುವ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಕೋಣೆ ಹಿಡಿಯುವಾಗ

ಕೋಣೆಯನ್ನು ಹಗಲಿನಲ್ಲಿ ಹುಡುಕಬೇಕು, ನೋಡಿಯೇ ಒಪ್ಪಬೇಕು. ಬಾಡಿಗೆ ಕೇಳುವುದಕ್ಕಿಂತ ಮುಖ್ಯವಾದ ಪ್ರಶ್ನೆ, ಖಾಲಿ ಮಾಡುವ ಹೊತ್ತು ಯಾವುದು ಎಂಬುದು. ಕೆಲವು ಲಾಡ್ಜುಗಳಲ್ಲಿ ಬಂದ ಹೊತ್ತಿನಿಂದ 24 ಗಂಟೆ ಎಣಿಸುತ್ತಾರೆ, ಕೆಲವು ಕಡೆ ಮಧ್ಯಾಹ್ನ ಹನ್ನೆರಡಕ್ಕೆ ದಿನ ಮುಗಿಯುತ್ತದೆ. ರಾತ್ರಿ ಒಂಬತ್ತಕ್ಕೆ ಬಂದು ಮರುದಿನ ಸಂಜೆ ಹೊರಡುವವರಿಗೆ ಮೊದಲನೆಯ ಪದ್ಧತಿಯಲ್ಲಿ ಒಂದು ದಿನದ ಬಾಡಿಗೆಯಾದರೆ, ಎರಡನೆಯದರಲ್ಲಿ ಎರಡು ದಿನದ್ದಾಗುತ್ತದೆ. ಕೋಣೆ ಖಾಲಿ ಮಾಡಿದ ಮೇಲೆಯೂ ಸಂಜೆಯವರೆಗೆ ಸಾಮಾನು ಇಟ್ಟುಕೊಳ್ಳಲು ಹೆಚ್ಚಿನವರು ಒಪ್ಪುತ್ತಾರೆ, ಕೇಳಬೇಕಷ್ಟೆ. ನಾಲ್ಕು ಜನಕ್ಕೆ ಎರಡು ಕೋಣೆಗಳ ಬದಲು ಒಂದು ಕೋಣೆ ಮತ್ತು ಹೆಚ್ಚುವರಿ ಹಾಸಿಗೆ ಸಾಕಾಗಬಹುದು. ದೊಡ್ಡವರೆಲ್ಲರ ಆಧಾರ್ ಪ್ರತಿಗಳನ್ನು ಮನೆಯಲ್ಲಿಯೇ ಜೆರಾಕ್ಸ್ ಮಾಡಿಸಿ ತರುವುದು ಒಳ್ಳೆಯದು.

ಊಟ, ನೀರು

ಮೊದಲ ದಿನಕ್ಕೆ ಮನೆಯ ಬುತ್ತಿಯಿರಲಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ ಇವು ಪ್ರವಾಸ ಮುಗಿಯುವವರೆಗೂ ಕೆಡುವುದಿಲ್ಲ; ದಾರಿಯಲ್ಲಿ ಮೊಸರು, ಉಳ್ಳಾಗಡ್ಡಿ, ಸೌತೆಕಾಯಿ ಕೊಂಡುಕೊಂಡರೆ ಒಂದು ಹೊತ್ತಿನ ಪೂರ್ತಿ ಊಟ. ಹಾಗೆಂದು ಮೂರೂ ಹೊತ್ತು ಬುತ್ತಿಯನ್ನೇ ಉಣ್ಣಬೇಕೆಂದಲ್ಲ. ಬಾದಾಮಿ, ಬಾಗಲಕೋಟೆ, ವಿಜಯಪುರದ ಖಾನಾವಳಿಗಳಲ್ಲಿ ಬಿಸಿ ರೊಟ್ಟಿ, ಎಣ್ಣಿಗಾಯಿ, ಕಾಳುಪಲ್ಯದ ಊಟ ಹೆದ್ದಾರಿಯ ಹೋಟೆಲುಗಳಿಗಿಂತ ಅಗ್ಗ ಮತ್ತು ಹೊಟ್ಟೆತುಂಬ. ತಾಟಿಗೆ ಎಷ್ಟು, ರೊಟ್ಟಿಗೆ ಮಿತಿಯಿದೆಯೇ ಎಂದು ಕೂಡುವ ಮೊದಲೇ ಕೇಳಿದರೆ ಏಳುವಾಗ ಗೊಂದಲವಿರುವುದಿಲ್ಲ.

ಬನಶಂಕರಿಯ ಗುಡಿಯ ಹತ್ತಿರ ಸುತ್ತಲಿನ ಹಳ್ಳಿಗಳ ತಾಯಂದಿರು ಬುಟ್ಟಿಯಲ್ಲಿ ರೊಟ್ಟಿ, ಪುಂಡಿಪಲ್ಯ, ಚಟ್ನಿ, ಪುಟ್ಟ ಗಡಿಗೆಗಳಲ್ಲಿ ಕೆನೆಮೊಸರು ಹೊತ್ತು ತಂದು ಗಿಡದ ನೆರಳಿನಲ್ಲಿ ಬಡಿಸುತ್ತಾರೆ. ಎರಡನೆಯ ದಿನದ ಮಧ್ಯಾಹ್ನದ ಊಟ ಅಲ್ಲಿಯೇ ಆಗುವಂತೆ ಹೊತ್ತು ಹೊಂದಿಸಿಕೊಳ್ಳಬೇಕು. ನಸುಕಿನಲ್ಲಿ ಎದ್ದು ಬಡಿದ ರೊಟ್ಟಿ ಅದು. ಅವರು ಹೇಳಿದ ಬೆಲೆಯನ್ನು ಚೌಕಾಸಿ ಮಾಡದೆ ಕೊಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ದಾಸೋಹದ ವಿಷಯದಲ್ಲಿಯೂ ಇದೇ ಬಗೆಯ ಎಚ್ಚರ ಬೇಕು: ಅದು ಪ್ರಸಾದ, ಆದ್ದರಿಂದ ಸಾಲಿನಲ್ಲಿ ಕುಳಿತು ಬೇಕಾದಷ್ಟೇ ನೀಡಿಸಿಕೊಂಡು, ತಾಟು ತೊಳೆಯುವ ಪದ್ಧತಿಯಿದ್ದರೆ ತೊಳೆದಿಟ್ಟು, ಶಕ್ತಿಯಿದ್ದಷ್ಟು ಕಾಣಿಕೆ ಹಾಕಿ ಬರಬೇಕು.

ಬಾಟಲಿ ನೀರಿನ ಖರ್ಚು ಯಾರ ಲೆಕ್ಕಕ್ಕೂ ಬರದೆ ಬೆಳೆಯುವಂಥದ್ದು. ಬಿಸಿಲಿನಲ್ಲಿ ನಡೆಯುವ ನಾಲ್ಕು ಜನಕ್ಕೆ ದಿನಕ್ಕೆ ಎಂಟು–ಹತ್ತು ಲೀಟರ್ ನೀರು ಬೇಕಾಗುತ್ತದೆ. ನಮ್ಮ ಬಹುತೇಕ ಊರುಗಳಲ್ಲಿ ನಾಣ್ಯ ಹಾಕಿ ನೀರು ಹಿಡಿಯುವ ಶುದ್ಧ ಕುಡಿಯುವ ನೀರಿನ ಘಟಕಗಳಿರುವುದರಿಂದ, ಐದು ಲೀಟರಿನ ಒಂದು ಕ್ಯಾನು ಮತ್ತು ತಲೆಗೊಂದು ಬಾಟಲಿ ಒಯ್ದರೆ ಈ ಖರ್ಚು ಇಲ್ಲವೆನ್ನುವಷ್ಟು ಕಡಿಮೆಯಾಗುತ್ತದೆ.

ಹಣದ ಲೆಕ್ಕ

ಪ್ರವೇಶ ಶುಲ್ಕದ ಬಗ್ಗೆ ಜನ ಅನಗತ್ಯವಾಗಿ ಅಂಜುತ್ತಾರೆ. ವಿಶ್ವ ಪರಂಪರೆಯ ತಾಣವಾದ ಪಟ್ಟದಕಲ್ಲಿಗೆ ಭಾರತೀಯರಿಗೆ 40 ರೂಪಾಯಿ, ಗೋಲಗುಮ್ಮಟ, ಇಬ್ರಾಹಿಂ ರೋಜಾ, ಬಾದಾಮಿಯ ಗುಹೆಗಳು, ಐಹೊಳೆಯ ದುರ್ಗ ದೇವಾಲಯದ ಆವರಣ ಇವಕ್ಕೆ ತಲಾ 25 ರೂಪಾಯಿಯಂತೆ ಒಬ್ಬರಿಗೆ ಒಟ್ಟು 140 ರೂಪಾಯಿ ಆಗುತ್ತದೆ. ನಗದಿನ ಬದಲು ಆನ್‌ಲೈನಿನಲ್ಲಿ ಪಾವತಿಸಿದರೆ ಪ್ರತಿ ಟಿಕೆಟಿಗೆ 5 ರೂಪಾಯಿ ಕಡಿಮೆ. 15 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ಅಂದರೆ ಗಂಡ, ಹೆಂಡತಿ ಮತ್ತು ಇಬ್ಬರು ಮಕ್ಕಳ ಸಂಸಾರಕ್ಕೆ ಐದೂ ಕಡೆ ಸೇರಿ 280 ರೂಪಾಯಿ ಮೀರುವುದಿಲ್ಲ. ಇಲ್ಲಿ ಉಳಿಸಲು ಹೋಗಿ ಒಂದು ಸ್ಮಾರಕವನ್ನು ಹೊರಗಿನಿಂದಲೇ ನೋಡಿ ಬರುವುದು ನಷ್ಟದ ವ್ಯಾಪಾರ.

ಹಾಗೆಯೇ, ಮಾರ್ಗದರ್ಶಕರ ಹಣವನ್ನು ಉಳಿಸಬಾರದೆಂಬುದು ನನ್ನ ಗಟ್ಟಿ ಅಭಿಪ್ರಾಯ. ಎಲ್ಲ ಕಡೆ ಬೇಡ. ಪಟ್ಟದಕಲ್ಲಿನಲ್ಲಿ ಒಬ್ಬ ಪರವಾನಗಿಯುಳ್ಳ ಮಾರ್ಗದರ್ಶಕರನ್ನು, ಸಾಧ್ಯವಾದರೆ ಇನ್ನೊಂದು ಕುಟುಂಬದೊಂದಿಗೆ ಹಣ ಹಂಚಿಕೊಂಡು, ಗೊತ್ತುಮಾಡಿಕೊಳ್ಳಬೇಕು. ಕಂಚಿಯ ಮೇಲಿನ ಎರಡನೆಯ ವಿಕ್ರಮಾದಿತ್ಯನ ವಿಜಯಕ್ಕೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಕಂಬಗಳ ಮೇಲೆ ರಾಮಾಯಣ, ಮಹಾಭಾರತದ ಕಥೆಗಳಿವೆ. ಬೆರಳು ಮಾಡಿ ತೋರಿಸುವವರಿಲ್ಲದಿದ್ದರೆ ಮಕ್ಕಳು ಅವನ್ನು ಬರಿಯ ಕಲ್ಲೆಂದು ದಾಟಿಹೋಗುತ್ತಾರೆ.

ಹಣವನ್ನು ಮೂರು ಪಾಲು ಮಾಡುವುದು ಅನುಕೂಲ. ಬಸ್ಸು, ರೈಲು, ಕೋಣೆ, ಪ್ರವೇಶ ಶುಲ್ಕ ಇವು ಮೊದಲೇ ತಿಳಿಯುವ ಖರ್ಚುಗಳಾದ್ದರಿಂದ ಆ ಪಾಲನ್ನು ಮುಟ್ಟಬಾರದು. ಊಟ, ಆಟೊ, ಚಹಾಗಳ ಪಾಲನ್ನು ದಿನಗಳಿಗೆ ಹಂಚಿ, ದಿನಕ್ಕೊಂದು ಲಕೋಟೆಯಲ್ಲಿಟ್ಟು, ಒಬ್ಬರೇ ಖರ್ಚು ಮಾಡಬೇಕು. ಗೆಳೆಯರ ಗುಂಪಾದರೆ ಎಲ್ಲರಿಂದಲೂ ಮುಂಗಡವಾಗಿ ಸಮಪಾಲು ಕೂಡಿಸಿ, ರಾತ್ರಿ ಮಲಗುವ ಮೊದಲು ಲೆಕ್ಕ ಓದಿ ಹೇಳಬೇಕು. ಒಟ್ಟು ಮೊತ್ತದ ಹತ್ತರಲ್ಲಿ ಒಂದು ಪಾಲಾದರೂ ಔಷಧ, ತಪ್ಪಿದ ಬಸ್ಸು ಮುಂತಾದ ಆಪತ್ತಿಗೆ ಬೇರೆ ಇರಬೇಕು. ಫೋನಿನಲ್ಲಿ ಹಣ ಕಳಿಸುವ ಅಭ್ಯಾಸವಿದ್ದರೂ, ನೆಟ್‌ವರ್ಕ್ ಕೈಕೊಡುವ ಹಳ್ಳಿಗಳಲ್ಲಿ ಹತ್ತು, ಇಪ್ಪತ್ತರ ನೋಟುಗಳೇ ಕೆಲಸಕ್ಕೆ ಬರುವುದು. ಬಸ್ಸಿನಲ್ಲಿ ಐನೂರರ ನೋಟು ಕೊಟ್ಟರೆ ನಿರ್ವಾಹಕರು ಬಾಕಿ ಚಿಲ್ಲರೆಯನ್ನು ಟಿಕೆಟಿನ ಹಿಂದೆ ಬರೆದುಕೊಡುತ್ತಾರೆ, ಇಳಿಯುವ ಗಡಿಬಿಡಿಯಲ್ಲಿ ಅದು ಮರೆತುಹೋಗುವುದುಂಟು. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಅಮೀನಗಡದ ಕರದಂಟು ಕೊಳ್ಳುವ ಮನಸ್ಸಿದ್ದರೆ ಅದನ್ನು ಪ್ರವಾಸದ ಹಣದಲ್ಲಿ ಸೇರಿಸದೆ ಬೇರೆಯಾಗಿ ತೆಗೆದಿಡಬೇಕು.

ಸಾಮಾನಿನಲ್ಲಿ ಮರೆಯಬಾರದ ವಸ್ತು ದಪ್ಪನೆಯ ಕಾಲುಚೀಲ. ಚಪ್ಪಲಿ ಬಿಟ್ಟು ನಡೆಯಬೇಕಾದ ಗುಡಿಗಳ ಕಲ್ಲುಹಾಸು ಮಧ್ಯಾಹ್ನ ಕಾದು ಕೆಂಡವಾಗಿರುತ್ತದೆ.

ಮರಳುವ ದಿನ ಭಾನುವಾರ ಬಾರದಂತೆ ನೋಡಿಕೊಳ್ಳಬೇಕು, ಏಕೆಂದರೆ ಅಂದು ಸಂಜೆ ವಿಜಯಪುರ, ಬಾಗಲಕೋಟೆ ನಿಲ್ದಾಣಗಳಲ್ಲಿ ಊರಿಗೆ ಹಿಂತಿರುಗುವ ನೌಕರರು, ವಿದ್ಯಾರ್ಥಿಗಳು ತುಂಬಿರುತ್ತಾರೆ. ಕೂಡಲಸಂಗಮದಿಂದ ಹೊರಡುವಾಗಲೇ ಆಲಮಟ್ಟಿಯಿಂದ ಮುಂದಿನ ಬಸ್ಸು, ರೈಲುಗಳ ವೇಳೆಯನ್ನು ವಿಚಾರಣಾ ಕೌಂಟರಿನಲ್ಲಿ ಕೇಳಿ ಬರೆದುಕೊಂಡು, ಕೊನೆಯದನ್ನು ನಂಬಿ ಕೂರದೆ ಅದಕ್ಕಿಂತ ಹಿಂದಿನದಕ್ಕೆ ಹೊರಡುವಂತೆ ಹೊತ್ತು ಹೊಂದಿಸಬೇಕು. ಹಾಗೆ ಮಾಡಲು ಆಲಮಟ್ಟಿಯ ಉದ್ಯಾನದ ಒಂದು ಗಂಟೆ ಬಿಟ್ಟುಕೊಡಬೇಕಾಗಿ ಬಂದರೂ ಬಿಡುವುದೇ ಸರಿ. ಆಪತ್ತಿಗೆಂದು ತೆಗೆದಿಟ್ಟ ಪಾಲು ಆಗ ಮುಟ್ಟದೆ ಮನೆಗೆ ಬರುತ್ತದೆ.